ಎರಡು ಬಿಂದುವಿನ ವೀಳ್ಯದೆಲೆ

ಶಿರಸಿಯ ಬಸ್ ನಿಲ್ದಾಣದ ಗದ್ದಲ ಕಿವಿಗೆ ಬೀಳುವಷ್ಟು ಹತ್ತಿರ, ಬಸ್ಸಿನ ಧೂಳು ಬಾರದಷ್ಟು ಒಳಗೆ, ಒಂದು ಓಣಿಯಲ್ಲಿದೆ ಆ ಡಿಟಿಪಿ ಅಂಗಡಿ. ಬಾಗಿಲಲ್ಲೇ ಮೂಗಿಗೆ ಅಡರುವುದು ಸ್ಕ್ರೀನ್ ಪ್ರಿಂಟಿಂಗ್ ಶಾಯಿಯ ಘಾಟು, ಅದನ್ನು ಒರೆಸಿದ ಥಿನ್ನರಿನ ಕಟುವಾಸನೆ, ಅವೆರಡರ ನಡುವೆ ಹೇಗೋ ನುಸುಳಿ ಬರುವ ಪಕ್ಕದ ಹೋಟೆಲಿನ ಕಷಾಯದ ಪರಿಮಳ. ಗೋಡೆಯ ತುಂಬ ಮಾದರಿ ಲಗ್ನಪತ್ರಿಕೆಗಳು: ಗಣಪತಿಗಳು, ಕಳಸಗಳು, ಬಾಳೆಕಂಬಗಳು, ಓಲಗ ಊದುವವರು. ಹಿಂಬದಿಯ ತಂತಿ ಕಪಾಟಿನಲ್ಲಿ ಬಂಗಾರ ಬಣ್ಣ ಇನ್ನೂ ಆರದ ಕಾರ್ಡುಗಳು ಸಾಲಾಗಿ ಮಲಗಿವೆ. ಮದುವೆಯ ಹಂಗಾಮು, ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಲೇ ಇರುತ್ತದೆ. ನೀವೂ ಒಂದು ಸ್ಟೂಲು ಎಳೆದುಕೊಂಡು ಕೂತುಬಿಡಿ. ಏಕೆ ಬಂದಿರಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಮೂಲೆಯ ಕಂಪ್ಯೂಟರಿನ ಮುಂದೆ ಬಿ.ಎ. ಮುಗಿಸಿ ಕೆಲಸ ಕಲಿಯಲು ಬಂದ ಹುಡುಗಿಯೊಬ್ಬಳಿದ್ದಾಳೆ. ಅವಳ ನೋಟುಬುಕ್ಕಿನ ಕೊನೆಯ ಪುಟಗಳನ್ನು ತಿರುವಿದರೆ ಪೆನ್ಸಿಲಿನಲ್ಲಿ ಬರೆದ ನವಿಲು, ಯಕ್ಷಗಾನದ ಕಿರೀಟ, ಅಜ್ಜಿಯ ಮುಖ. ಕೈ ಚೆನ್ನಾಗಿದೆ, ಅನುಮಾನವೇ ಇಲ್ಲ. ಆದರೆ ಈಗ ಆ ಕೈಯಲ್ಲಿ ಮೌಸ್ ಇದೆ, ಅದು ಪೆನ್ಸಿಲಿನ ಮಾತು ಕೇಳುವುದಿಲ್ಲ. ಲಗ್ನಪತ್ರಿಕೆಯ ಮೂಲೆಗೆ ಒಂದು ವೀಳ್ಯದೆಲೆ ಬೇಕು. ಪರದೆಯ ಮೇಲೆ ಅಂಚಿನುದ್ದಕ್ಕೂ ಅವಳು ಟಕ್ ಟಕ್ ಎಂದು ಒತ್ತುತ್ತ ಹೋಗಿದ್ದಾಳೆ. ಒತ್ತಿದಲ್ಲೆಲ್ಲ ಒಂದು ಪುಟ್ಟ ಚೌಕ ಮೂಡಿದೆ, ಚೌಕದಿಂದ ಚೌಕಕ್ಕೆ ಗೆರೆ ಮುರಿದು ಮುರಿದು ನಡೆದಿದೆ. ಎಲೆಯಂತೆ ಕಾಣುತ್ತದೆ ನಿಜ, ಆದರೆ ಅಂಚನ್ನು ಹುಳ ಕಚ್ಚಿದ ಎಲೆ.

ಅಂಗಡಿಯವರು ಕನ್ನಡಕ ಏರಿಸಿ ಹಿಂದೆ ಬಂದು ನಿಂತರು. ಈ ಕಂಪ್ಯೂಟರುಗಳು ಊರಿಗೆ ಬರುವ ಮೊದಲು ಅವರು ಬೋರ್ಡು ಬರೆಯುತ್ತಿದ್ದವರು. ಸುಣ್ಣದ ದಾರ ಬಡಿದು ಗೆರೆ ಹಾಕಿ, ಎನಾಮಲ್ ಬಣ್ಣದಲ್ಲಿ ಅಂಗಡಿಯ ಹೆಸರು, ಲಾರಿಯ ಹಣೆ, ಯಕ್ಷಗಾನದ ಬಟ್ಟೆ ಬ್ಯಾನರು, ಎಲ್ಲವನ್ನೂ ಬರೆದ ಕೈ.

“ತಂಗಿ, ಎಲೆ ಬರೀತಿದ್ದೀಯೋ, ಇರುವೆ ಸಾಲು ಬಿಡ್ತಿದ್ದೀಯೋ?”

“ತಿರುವು ಇದ್ದಲ್ಲೆಲ್ಲ ಒಂದೊಂದು ಬೇಕಲ್ವಾ ಅಣ್ಣ?”

“ತಿರುವಿಗೆ ಬೇಡ. ಮೊನೆಗೆ ಬೇಕು.”

ಅವರು ನಿಂತಲ್ಲೇ ಬಾಗಿ ಎಫ್ 10 ಒತ್ತಿದರು. ಆ ಪುಟ್ಟ ಚೌಕಗಳು, ಅಂದರೆ ಗೆರೆಯ ಬಿಂದುಗಳಾದ ನೋಡ್‌ಗಳೆಲ್ಲ ಕಣ್ಣಿಗೆ ಬಿದ್ದವು. ಒಂದೊಂದನ್ನೇ ಹಿಡಿದು ಅಳಿಸುತ್ತ ಬಂದರು. ಅಳಿಸಿದಷ್ಟೂ ಗೆರೆ ನಯವಾಗುವುದನ್ನು ಹುಡುಗಿ ಕಣ್ಣರಳಿಸಿ ನೋಡುತ್ತಿದ್ದಳು. ಕೊನೆಗೆ ಉಳಿದದ್ದು ಎರಡು: ತೊಟ್ಟು ಕೂಡುವ ಕುಳಿಯಲ್ಲೊಂದು, ತುದಿಯ ಮೊನೆಯಲ್ಲೊಂದು. ಪ್ರತಿ ಬಿಂದುವಿನಿಂದಲೂ ಆಚೆಗೊಂದು ಈಚೆಗೊಂದು ಸಣ್ಣ ಹಿಡಿಕೆ ಹೊರಟಿರುತ್ತದೆ. ಮೇಲಿನ ಬಲ ಹಿಡಿಕೆಯನ್ನು ಓರೆಯಾಗಿ ಮೇಲಕ್ಕೆಳೆದರು, ಎಲೆಯ ಬಲ ಭುಜ ಉಬ್ಬಿತು. ಕೆಳಗಿನ ಹಿಡಿಕೆಯನ್ನು ನೆಟ್ಟಗೆ ನಿಲ್ಲಿಸಿದರು, ಉಬ್ಬಿದ ಗೆರೆ ಒಳಬಾಗಿ ಬಂದು ಮೊನೆಯ ಹತ್ತಿರ ಸಪೂರವಾಗಿ ಇಳಿಯಿತು. ಎಡಕ್ಕೂ ಹಾಗೆಯೇ. ಎರಡು ಬಿಂದು, ನಾಲ್ಕು ಹಿಡಿಕೆ, ಒಂದು ವೀಳ್ಯದೆಲೆ. ತಟ್ಟೆಯಲ್ಲಿ ಸುಣ್ಣ ಅಡಿಕೆ ಇಟ್ಟು ಕೊಡಬಹುದು ಅನ್ನುವಷ್ಟು ಹಸಿ.

ಹಿಡಿಕೆಯ ಗುಟ್ಟು ಇಷ್ಟೇ. ಅದು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಗೆರೆ ಆ ದಿಕ್ಕಿಗೆ ಹೊರಡುತ್ತದೆ. ಹಿಡಿಕೆ ಉದ್ದವಾದಷ್ಟೂ ಗೆರೆ ಆ ಕಡೆ ಇನ್ನಷ್ಟು ಓಡಿ, ಆಮೇಲೆ ಹೊರಳುತ್ತದೆ. ಹಿಡಿಕೆಯ ತುದಿಯವರೆಗೆ ಅದು ಹೋಗುವುದಿಲ್ಲ, ಅದರ ಸೆಳೆತಕ್ಕೆ ಬಾಗುತ್ತದೆ ಅಷ್ಟೆ. ಪೆನ್ಸಿಲ್ ಹಿಡಿದವರಿಗೆ ಮೊದಲು ತಬ್ಬಿಬ್ಬಾಗುವುದು ಇಲ್ಲಿಯೇ. ಕಾಗದದ ಮೇಲೆ ಗೆರೆ ಹೋದಲ್ಲಿ ಕೈ ಹೋಗುತ್ತದೆ. ಇಲ್ಲಿ ಕೈ ಎಲ್ಲೋ ಗಾಳಿಯಲ್ಲಿ ಒಂದು ಕಡ್ಡಿ ತಿರುಗಿಸುತ್ತದೆ, ಗೆರೆ ಇನ್ನೆಲ್ಲೋ ಬಾಗುತ್ತದೆ. ಹುಡುಗಿ ಹಿಡಿಕೆಯನ್ನು ಸ್ವಲ್ಪ ಎಳೆದು ಬಿಟ್ಟಳು, ಮತ್ತೆ ಎಳೆದಳು. ಎಲೆ ಒಮ್ಮೆ ಹೃದಯವಾಯಿತು, ಒಮ್ಮೆ ಬದನೆಕಾಯಿಯಾಯಿತು. ಅವಳಿಗೇ ನಗು ಬಂತು.

ಈ ಹಿಡಿಕೆಗಳನ್ನು ಯಾರೂ ಚಿತ್ರಕಾರರಿಗೆಂದು ಮಾಡಿದ್ದಲ್ಲ. ಕಾರಿನ ಮೈಯ ಬಳುಕನ್ನು ಯಂತ್ರಕ್ಕೆ ಅಂಕಿಗಳಲ್ಲಿ ತಿಳಿಸುವುದು ಹೇಗೆ ಎಂದು ಫ್ರಾನ್ಸಿನ ಕಾರು ಕಂಪನಿಗಳು ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ, ಸಿಟ್ರೊಯೆನ್‌ನಲ್ಲಿದ್ದ ಗಣಿತಜ್ಞ ಪಾಲ್ ದ ಕಾಸ್ತೆಲ್ಜೊ 1959ರಲ್ಲಿ ಒಂದು ದಾರಿ ಕಂಡುಕೊಂಡರು. ಬಾಗಿನ ಎರಡು ಕೊನೆ, ನಡುವೆ ಎರಡು ಹಿಡಿಕೆಗಳ ತುದಿ, ಈ ನಾಲ್ಕು ಬಿಂದುಗಳನ್ನು ಸಾಲಾಗಿ ಮೂರು ನೇರ ಗೆರೆಗಳಿಂದ ಸೇರಿಸಿ. ಆ ಮೂರರ ನಡುಬಿಂದುಗಳನ್ನು ಸೇರಿಸಿದರೆ ಎರಡು ಗೆರೆ. ಆ ಎರಡರ ನಡುಬಿಂದುಗಳನ್ನು ಸೇರಿಸಿದರೆ ಒಂದೇ ಗೆರೆ. ಅದರ ನಡುಬಿಂದು ನಿಮಗೆ ಬೇಕಾದ ಬಾಗಿನ ಮೇಲೆಯೇ ಬಿದ್ದಿರುತ್ತದೆ. ನಡುವಿನ ಬದಲು ಕಾಲುಭಾಗ, ಮುಕ್ಕಾಲು ಭಾಗ ಎಂದು ಗುರುತು ಹಾಕುತ್ತ ಹೋದರೆ ಇಡೀ ಬಾಗು ಸಿಗುತ್ತದೆ. ನೇರ ಗೆರೆಗಳಿಂದಲೇ ಹುಟ್ಟುವ ಬಳುಕು. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. ಎದುರಾಳಿ ರೆನೊ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ 1960ರ ದಶಕದಲ್ಲಿ ತಮ್ಮದೇ ದಾರಿಯಲ್ಲಿ ಅದೇ ಬಾಗನ್ನು ತಲುಪಿ ಲೋಕಕ್ಕೆ ತಿಳಿಸಿದರು, ಹೆಸರೂ ಅವರದೇ ನಿಂತಿತು. ಈ ಅಂಗಡಿಯಲ್ಲಿ ಚಿತ್ರ ಬರೆಯುವ ತಂತ್ರಾಂಶ ಕೋರಲ್ ಡ್ರಾದ ಪಟ್ಟಿಯಲ್ಲಿ ಇಂದಿಗೂ ‘ಬೆಜಿಯರ್ ಟೂಲ್’ ಎಂದಿರುವುದು ಅವರ ಹೆಸರೇ. ಅಂಗಡಿಯವರಿಗೆ ಈ ಕಥೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ನನಗೆ ಕಾಣಲಿಲ್ಲ. ಗಣಿತ ಅವರ ಮಣಿಕಟ್ಟಿನಲ್ಲಿದೆ.

ಅಷ್ಟರಲ್ಲಿ ಗಿರಾಕಿಯೊಬ್ಬರು ಒಳಗೆ ಬಂದರು. ಸಹಕಾರಿ ಸಂಘದ ಬೋರ್ಡು ಆಗಬೇಕು. “ಲೋಗೋ ವಾಟ್ಸಾಪ್ ಮಾಡಿದ್ದೇನಲ್ಲ, ಅದನ್ನೇ ಹತ್ತು ಅಡಿಗೆ ದೊಡ್ಡದು ಮಾಡಿಬಿಡಿ.” ಅಂಗಡಿಯವರು ಏನೂ ಹೇಳದೆ ಆ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದರು. ಸಂಘದ ತೆನೆಗಳು ಮಂಜಾದವು, ಮಂಜು ಚೌಕಗಳಾಯಿತು. ಹುಡುಗಿಯ ಎಲೆಯನ್ನು ಅದರ ಪಕ್ಕಕ್ಕೆಳೆದು ಅಷ್ಟೇ ಹಿಗ್ಗಿಸಿದರು. ಅಂಚು ಬ್ಲೇಡಿನಷ್ಟು ಚೂಪು. ಗಿರಾಕಿ ತಲೆದೂಗಿದರು. ಫೋಟೋ ಎಂದರೆ ಚುಕ್ಕಿಗಳ ರಾಶಿ. ಎ4 ಅಳತೆಯ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಯಂತೆ ತುಂಬಲು ಸುಮಾರು 87 ಲಕ್ಷ ಚುಕ್ಕಿ ಬೇಕು, ಒಂದೊಂದಕ್ಕೂ ಅದರದೇ ಬಣ್ಣ ನೆನಪಿಡಬೇಕು. ಬಿಂದು ಹಿಡಿಕೆಗಳಿಂದ ಬರೆದ ಚಿತ್ರಕ್ಕೆ ವೆಕ್ಟರ್ ಎನ್ನುತ್ತಾರೆ. ವೆಕ್ಟರಿನ ಎಲೆಗೆ ನೆನಪಿಡಬೇಕಾದದ್ದು ಎರಡು ಬಿಂದು ಎಲ್ಲಿವೆ, ನಾಲ್ಕು ಹಿಡಿಕೆ ಯಾವ ಕಡೆ ಎಷ್ಟು ಉದ್ದ ಚಾಚಿವೆ, ಒಳಗೆ ಯಾವ ಬಣ್ಣ ಎಂಬುದಷ್ಟೆ. ಉಗುರಿನಷ್ಟು ಮಾಡಿದರೂ ಮಂಟಪದಷ್ಟು ಮಾಡಿದರೂ ಕಂಪ್ಯೂಟರು ಆ ಲೆಕ್ಕವನ್ನು ಹೊಸದಾಗಿ ಮಾಡಿ ಗೆರೆ ಎಳೆಯುತ್ತದೆ. ಸಂಘದ ತೆನೆಗಳನ್ನು ಈಗ ಮೊದಲಿನಿಂದ ಬರೆಯಬೇಕು; ಆ ಕೆಲಸ ಹುಡುಗಿಯ ಪಾಲಿಗೆ ಬಂತು.

ಇಲ್ಲಿ ಗೆರೆ ಕಣ್ಣಿಗೆ ಮಾತ್ರವಲ್ಲ, ಅಲಗಿಗೂ ದಾರಿ. ಅದು ಗೊತ್ತಾಗಬೇಕಾದರೆ ರೇಡಿಯಂ ಕಟಿಂಗ್ ಮಷೀನಿನ ಪಕ್ಕ ಒಂದಷ್ಟು ಹೊತ್ತು ನಿಲ್ಲಬೇಕು. ಜೀಪಿನ ಗಾಜಿಗೆ ‘ಶ್ರೀ ಮಾರಿಕಾಂಬಾ ಪ್ರಸನ್ನ’ ಆಗಬೇಕಿತ್ತು. ಹಳದಿ ಸ್ಟಿಕರಿನ ಸುರುಳಿ ಹಿಂದೆ ಮುಂದೆ ಜಾರುತ್ತದೆ, ಪುಟ್ಟ ಅಲಗು ಅಡ್ಡಡ್ಡ ಓಡುತ್ತದೆ, ಎರಡೂ ಸೇರಿ ಚರ್ ಚರ್ ಎಂದು ಅಕ್ಷರ ಕತ್ತರಿಸುತ್ತವೆ. ಗೆರೆಯಲ್ಲಿ ಬೇಡದ ಬಿಂದುಗಳು ತುಂಬಿದ್ದರೆ ಅಲಗು ಅಲ್ಲಲ್ಲಿ ತಡವರಿಸುವುದು ಕಿವಿಗೇ ಕೇಳುತ್ತದೆ. ಕನ್ನಡಕ್ಕೆ ಇನ್ನೊಂದು ಪೇಚು ಇದೆ: ‘ಪ್ರಸನ್ನ’ದ ನಕಾರದ ಒತ್ತು ಮೇಲಿನ ಅಕ್ಷರದ ಮೇಲೆ ಹಾಯ್ದಿದ್ದರೆ ಪರದೆಯಲ್ಲಿ ಒಂದೇ ಹಳದಿ, ಏನೂ ತಿಳಿಯದು. ಮಷೀನಿಗೆ ಅವು ಎರಡು ಆಕಾರ. ಒಂದರೊಳಗೆ ಇನ್ನೊಂದನ್ನು ಅದು ಕೊಯ್ದುಬಿಡುತ್ತದೆ. ಸ್ಟಿಕರ್ ಬಿಡಿಸುವಾಗ ಒತ್ತು ಉಗುರಿಗೆ ಅಂಟಿಕೊಂಡು ಬರುತ್ತದೆ, ಅಮ್ಮನವರ ಹೆಸರು ಅರೆಬರೆ ಗಾಜಿನ ಮೇಲೆ ಉಳಿಯುತ್ತದೆ. ಅದಕ್ಕೇ ಕತ್ತರಿಸುವ ಮೊದಲು ವೆಲ್ಡ್ ಮಾಡಬೇಕು: ತಾಗಿದ ಆಕಾರಗಳೆಲ್ಲ ಬೆಸೆದು ಹೊರಗೆರೆ ಒಂದೇ ಆಗುತ್ತದೆ. ವೆಲ್ಡ್, ಟ್ರಿಮ್, ಇಂಟರ್‌ಸೆಕ್ಟ್. ಕೂಡಿಸು, ಕಳೆ, ಇಬ್ಬರಿಗೂ ಸೇರಿದ್ದನ್ನು ಉಳಿಸು. ಎರಡು ವೃತ್ತಗಳನ್ನಿಟ್ಟು ಒಂದರಿಂದ ಇನ್ನೊಂದನ್ನು ಕಳೆದರೆ ಬಿದಿಗೆಯ ಚಂದ್ರ. ಆ ಮಧ್ಯಾಹ್ನ ಹುಡುಗಿ ಅಡಕತ್ತರಿಯೊಂದನ್ನು ಪೂರ್ತಿಯಾಗಿ ವೃತ್ತ ಆಯತಗಳನ್ನು ಕೂಡಿಸಿ ಕಳೆದೇ ಮಾಡಿದಳು, ಬಿಂದು ಇಟ್ಟು ಗೆರೆ ಎಳೆಯುವ ಪೆನ್ ಟೂಲನ್ನು ಮುಟ್ಟಲೇ ಇಲ್ಲ.

ಲಗ್ನಪತ್ರಿಕೆಯ ಅಕ್ಷರಗಳದು ಬೇರೆಯದೇ ರಗಳೆ. ಅನೇಕ ಅಂಗಡಿಗಳಲ್ಲಿ ಕನ್ನಡ ಟೈಪು ಹೊಡೆಯುವುದು ಇನ್ನೂ ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಫೈಲು ಹುಬ್ಬಳ್ಳಿಯ ಪ್ರೆಸ್ಸಿಗೆ ಹೋದಾಗ ಅಲ್ಲಿ ಅದೇ ಫಾಂಟು ಇಲ್ಲದಿದ್ದರೆ ‘ಆಗಮನಾಭಿಲಾಷಿಗಳು’ ಇದ್ದಲ್ಲಿ ಯಾವುದೋ ಇಂಗ್ಲಿಷ್ ಅಕ್ಷರಗಳು ಹಲ್ಲು ಕಿರಿಯುತ್ತವೆ. ಅದಕ್ಕೆ ಕಳಿಸುವ ಮೊದಲು ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡುತ್ತಾರೆ. ಆ ಕ್ಷಣದಿಂದ ಅಕ್ಷರ ಅಕ್ಷರವಲ್ಲ, ಎಲೆಯಂತೆಯೇ ಬಿಂದು ಹಿಡಿಕೆಗಳಿರುವ ಒಂದು ಚಿತ್ರ. ಯಾವ ಪ್ರೆಸ್ಸಿನಲ್ಲಿ ತೆರೆದರೂ ಹಾಗೆಯೇ ಇರುತ್ತದೆ, ಆದರೆ ಟೈಪು ಹೊಡೆದು ತಿದ್ದಲು ಬರುವುದಿಲ್ಲ. ಮದುಮಗಳ ಅಜ್ಜನ ಹೆಸರಿನಲ್ಲಿ ಒತ್ತು ಬಿಟ್ಟುಹೋಗಿದೆ ಎಂದು ಆಮೇಲೆ ಫೋನು ಬಂದರೆ ಕಥೆ ಮುಗಿದಂತೆ. ಆದ್ದರಿಂದ ಇಲ್ಲಿನ ಕಟ್ಟಳೆ ಬಿಗಿ: ಮನೆಯವರು ಪ್ರೂಫ್ ನೋಡಿ ಸಹಿ ಹಾಕಿದ ಮೇಲೆಯೇ ಕರ್ವ್, ಕರ್ವ್ ಮಾಡದ ಒಂದು ಪ್ರತಿ ಬೇರೆಯೇ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ. ಬಣ್ಣಕ್ಕೂ ಇಂಥದ್ದೇ ಎಚ್ಚರ. ಪರದೆಯ ಮೇಲೆ ಮಿರಿಮಿರಿ ಮಿಂಚುವ ಹಸಿರು ಬೆಳಕಿನದು; ಕಾಗದದ ಮೇಲೆ ನಾಲ್ಕು ಶಾಯಿಗಳು ಸೇರಿ ಆಗುವ ಹಸಿರು ಒಂದು ಛಾಯೆ ಮಂಕು. ಗಿರಾಕಿಗೆ ಮೊದಲೇ ಹೇಳಿಬಿಟ್ಟರೆ ಜಗಳವಿಲ್ಲ.

ಸಂಜೆ ಹುಡುಗಿ ಟ್ರೇಸ್ ಗುಂಡಿಯನ್ನು ಕಂಡುಹಿಡಿದಳು. ಫೋನಿನಲ್ಲಿ ತೆಗೆದ ಎಲೆಯ ಫೋಟೋ ಹಾಕಿದಳು, ಒತ್ತಿದಳು, ಕಣ್ಣು ಮುಚ್ಚಿ ತೆರೆಯುವುದರೊಳಗೆ ವೆಕ್ಟರ್ ಎಲೆ ಸಿದ್ಧ. ಒಳಗೆ ನೋಡಿದರೆ ನೂರಾರು ಬಿಂದುಗಳು, ನೆರಳಿಗೊಂದು ಚೂರು, ಹೊಳಪಿಗೊಂದು ಚೂರು, ಯಾವುದನ್ನು ಹಿಡಿದರೆ ಯಾವುದು ಬರುತ್ತದೋ. ಅಂಗಡಿಯವರು ಬೈಯಲಿಲ್ಲ. “ಈ ತುದಿಯನ್ನು ಸ್ವಲ್ಪ ಎಡಕ್ಕೆ ಬಾಗಿಸು ನೋಡೋಣ” ಎಂದು ಹೇಳಿ ಸ್ಕ್ರೀನ್ ತೊಳೆಯಲು ಹೋದರು. ಅವಳು ಬಹಳ ಹೊತ್ತು ಹೆಣಗಿ, ಆಮೇಲೆ ತಾನೇ ಅಳಿಸಿದಳು. ಹಳೆಯ ಕಪ್ಪು ಬಿಳುಪು ಮೊಹರನ್ನೋ ಸಹಿಯನ್ನೋ ಎತ್ತಿಕೊಳ್ಳಲು ಟ್ರೇಸ್ ಒಳ್ಳೆಯದೇ. ಕಲಿಯುವವರಿಗೆ ಅದು ಶತ್ರು, ಯಾಕೆಂದರೆ ಎಲ್ಲಿ ಬಿಂದು ಇಡಬೇಕು ಎಂಬ ತೀರ್ಮಾನವನ್ನೇ ಅದು ಕಿತ್ತುಕೊಳ್ಳುತ್ತದೆ. ಈ ವಿದ್ಯೆಯಲ್ಲಿ ಕಲಿಯುವುದಕ್ಕೆ ಇರುವುದೇ ಆ ತೀರ್ಮಾನ. ಅಜ್ಜಿಯ ಮುಖದ ಸುಕ್ಕು, ಬೆಳಗಿನ ಮಂಜು ಬೇಕಾದರೆ ಫೋಟೋಗೋ ಕುಂಚಕ್ಕೋ ಹೋಗಿ. ವೆಕ್ಟರಿಗೆ ಬೇಕಾದದ್ದು ಅಂಚು ಸ್ಪಷ್ಟವಾಗಿರುವ ವಸ್ತು.

ಇಂಥ ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಅಡೋಬಿ ಇಲಸ್ಟ್ರೇಟರ್ 1987ರಲ್ಲಿ ಬಂತು, ಕೆನಡಾದ ಕೋರಲ್ ಡ್ರಾ 1989ರಲ್ಲಿ. ನಮ್ಮ ಅಂಗಡಿಗಳಲ್ಲಿ ಬೇರು ಬಿಟ್ಟದ್ದು ಕೋರಲ್. ಎರಡಕ್ಕೂ ದುಡ್ಡು ತೆರಬೇಕು, ಕಲಿಯುವವರಿಗೆ ಅದರ ಅಗತ್ಯವಿಲ್ಲ. 2003ರಿಂದ ಇಂಕ್‌ಸ್ಕೇಪ್ ಇದೆ, ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಮನೆಯ ಹಳೆಯ ಲ್ಯಾಪ್‌ಟಾಪೂ ಸಾಕು. ಅದರಲ್ಲಿ ಬಿ ಒತ್ತಿದರೆ ಪೆನ್, ಎನ್ ಒತ್ತಿದರೆ ನೋಡ್ ಟೂಲ್. ಮೊದಲ ದಿನಗಳಿಗೆ ಈ ಎರಡು ಕೀಲಿ ಧಾರಾಳ. ಅದು ಉಳಿಸುವ ಎಸ್‌ವಿಜಿ ಫೈಲು ಬರೀ ಪಠ್ಯ, ನೋಟ್‌ಪ್ಯಾಡಿನಲ್ಲಿ ತೆರೆದು ನಿಮ್ಮ ಬಿಂದುಗಳ ಅಂಕಿಗಳನ್ನು ಓದಬಹುದು, ಒಂದು ಅಂಕಿ ಬದಲಿಸಿ ಗೆರೆ ಬಾಗುವುದನ್ನು ನೋಡಬಹುದು. ಮನೆಯಲ್ಲಿರುವ ತಂಬಿಗೆ, ಅಡಕತ್ತರಿ, ಮಾವಿನಕಾಯಿ, ಯಾವುದಾದರೂ ಎದುರಿಗಿಟ್ಟುಕೊಂಡು ಶುರುಮಾಡಿ. ಬರೆದಾದ ಮೇಲೆ ಬಿಂದುಗಳನ್ನು ಎಣಿಸಿ, ಅರ್ಧ ಅಳಿಸಿ, ಹಿಡಿಕೆ ಎಳೆದು ಆಕಾರ ಮರಳಿ ಬರುತ್ತದೆಯೇ ನೋಡಿ. ಟ್ರೇಸ್ ಗುಂಡಿಯನ್ನು ಮಾತ್ರ ಮೊದಲ ಕೆಲವು ತಿಂಗಳು ಮುಟ್ಟಬೇಡಿ.