ಕರುಳಿನ ಪರೀಕ್ಷೆಗೆ ಮುನ್ನ ಇದು ತಿಳಿದಿರಲಿ

ಮಲದಲ್ಲಿ ರಕ್ತ ಕಂಡರೆ ಅನೇಕ ಮಹಿಳೆಯರು ಮೂಲವ್ಯಾಧಿ ಇರಬೇಕೆಂದು ಸುಮ್ಮನಾಗುತ್ತಾರೆ. ನಾಚಿಕೆಯಿಂದ ಮನೆಯವರಿಗೂ ಹೇಳುವುದಿಲ್ಲ. ಆದರೆ ರಕ್ತ, ಲೋಳೆ ಬೆರೆತ ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಅದು ದೊಡ್ಡ ಕರುಳಿನ ಉರಿಯೂತ, ಅಂದರೆ ಕೊಲೈಟಿಸ್ ಆಗಿರಬಹುದು. ಅದನ್ನು ಖಚಿತಪಡಿಸಲು ಪರೀಕ್ಷೆ ಬೇಕೇ ಬೇಕು. ಯಾವ ಪರೀಕ್ಷೆ, ಯಾವಾಗ ಎಂಬುದೂ ಅಷ್ಟೇ ಮುಖ್ಯ.

ಬೇರಿಯಂ ಎನಿಮಾದಲ್ಲಿ ಗುದದ್ವಾರದ ಮೂಲಕ ಬೇರಿಯಂ ದ್ರವ ತುಂಬಿ ಎಕ್ಸ್-ರೇ ತೆಗೆಯುತ್ತಾರೆ. ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಒಳಗೆ ಕಳಿಸಿ, ಗಾಳಿಯಿಂದ ಕರುಳನ್ನು ಹಿಗ್ಗಿಸಿ ನೋಡುತ್ತಾರೆ. ಆರೋಗ್ಯವಂತ ಕರುಳು ಸಾಮಾನ್ಯವಾಗಿ ಈ ಒತ್ತಡವನ್ನು ತಾಳಿಕೊಳ್ಳುತ್ತದೆ. ಉರಿಯೂತ ತೀವ್ರವಾಗಿ ಹುಣ್ಣಾದ ಕರುಳಿನ ಗೋಡೆ ಮಾತ್ರ ದುರ್ಬಲವಾಗಿರುತ್ತದೆ, ಅದು ತೂತಾಗಬಹುದು. ಬೇರಿಯಂ ಹೊಟ್ಟೆಯೊಳಗೆ ಸೋರಿದರೆ ಪ್ರಾಣಕ್ಕೇ ಅಪಾಯ. ಕರುಳು ವಿಪರೀತ ಉಬ್ಬಿಕೊಳ್ಳುವ ‘ಟಾಕ್ಸಿಕ್ ಮೆಗಾಕೊಲನ್’ ಎಂಬ ಸ್ಥಿತಿಯೂ ಬರಬಹುದು.

ಆದ್ದರಿಂದಲೇ ತೀವ್ರ ಕೊಲೈಟಿಸ್ ಇರುವಾಗ ಬೇರಿಯಂ ಎನಿಮಾ ಮಾಡಬಾರದು. ಪೂರ್ಣ ಕೊಲೊನೋಸ್ಕೋಪಿಯನ್ನೂ ಸಾಮಾನ್ಯವಾಗಿ ಮುಂದೂಡುತ್ತಾರೆ. ಹೊಟ್ಟೆಯ ಸಾದಾ ಎಕ್ಸ್-ರೇ ತೆಗೆದು ಕರುಳು ಉಬ್ಬಿದೆಯೇ ಎಂದು ನೋಡುತ್ತಾರೆ. ಅಗಲ 6 ಸೆಂ.ಮೀ. ಮೀರಿದರೆ ಅದು ಅಪಾಯದ ಸೂಚನೆ. ಅಗತ್ಯವಿದ್ದರೆ ಕರುಳಿನ ಕೊನೆಯ ಭಾಗವನ್ನಷ್ಟೇ, ಆದಷ್ಟು ಕಡಿಮೆ ಗಾಳಿ ಬಳಸಿ, ಸಿಗ್ಮಾಯ್ಡೋಸ್ಕೋಪಿಯಿಂದ ಪರೀಕ್ಷಿಸುತ್ತಾರೆ.

ಕರುಳು ಶುದ್ಧಿಗೆ ಕೊಡುವ ಔಷಧಿಯಲ್ಲೂ ಎಚ್ಚರ ಬೇಕು. ಸೋಡಿಯಂ ಫಾಸ್ಫೇಟ್ ಔಷಧಿಗಳಿಂದ ಮೂತ್ರಪಿಂಡಕ್ಕೆ ಹಾನಿಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಎಚ್ಚರಿಸಿತ್ತು.

ನೀವು ಗರ್ಭಿಣಿಯಾಗಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಸಕ್ಕರೆ ಕಾಯಿಲೆಗೆ ಅಥವಾ ರಕ್ತ ತೆಳುವಾಗಲು ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಎಷ್ಟು ಸಲ ಭೇದಿಯಾಗುತ್ತಿದೆ, ರಕ್ತ ಎಷ್ಟು ಹೋಗುತ್ತಿದೆ, ಜ್ವರವಿದೆಯೇ ಎಂಬುದನ್ನೂ ಮುಚ್ಚಿಡಬೇಡಿ. ಪರೀಕ್ಷೆಯನ್ನು ಈಗಲೇ ಮಾಡಬೇಕೇ, ಮುಂದೂಡಬೇಕೇ ಎಂದು ವೈದ್ಯರು ನಿರ್ಧರಿಸುವುದು ಈ ಉತ್ತರಗಳಿಂದಲೇ. ಸಂಕೋಚವಾದರೆ ವೈದ್ಯೆಯನ್ನೋ ಜೊತೆಗೆ ನರ್ಸ್ ಇರುವುದನ್ನೋ ಕೇಳಿಕೊಳ್ಳಬಹುದು.

ಪರೀಕ್ಷೆಯ ಬಳಿಕ ಹೊಟ್ಟೆನೋವು ಹೆಚ್ಚುತ್ತಾ ಹೋದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಜ್ವರ ಅಥವಾ ರಕ್ತಸ್ರಾವ ಕಂಡರೆ ಬೆಳಗಾಗಲೆಂದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಸ್ಟಿರಾಯ್ಡ್ ಸೇವಿಸುವವರಲ್ಲಿ ಕರುಳು ತೂತಾದರೂ ನೋವು ಕಡಿಮೆಯಿರಬಹುದು. ಅವರು ಇನ್ನಷ್ಟು ಜಾಗರೂಕರಾಗಿರಬೇಕು.

ಹಾಗೆಂದು ಪರೀಕ್ಷೆಗೇ ಹೆದರಿ ಕೂರಬೇಡಿ. ಕೊಲೈಟಿಸ್ ಕರುಳಿನ ಹೆಚ್ಚು ಭಾಗಕ್ಕೆ ಹರಡಿದ್ದರೆ ವರ್ಷಗಳು ಕಳೆದಂತೆ ಕ್ಯಾನ್ಸರ್ ಸಾಧ್ಯತೆ ಹೆಚ್ಚುತ್ತದೆ. ಆದುದರಿಂದ ರೋಗ ಲಕ್ಷಣ ಆರಂಭವಾಗಿ ಸುಮಾರು 8 ವರ್ಷಗಳಾದ ಬಳಿಕ ಕೊಲೊನೋಸ್ಕೋಪಿ ಅಗತ್ಯ. ಉರಿಯೂತ ಶಮನವಾಗಿರುವಾಗ ವೈದ್ಯರು ಹೇಳಿದ ದಿನ ತಪ್ಪದೆ ಹೋಗಿ ಮಾಡಿಸಿಕೊಳ್ಳಿ.