ಭೂತಕೋಲದ ಛಾಯಾಚಿತ್ರ ಮತ್ತು ಸಮ್ಮತಿಯ ಪ್ರಶ್ನೆ

ತುಳುನಾಡಿನ ಭೂತಕೋಲವು ಆರಾಧನೆಯೂ ಹೌದು, ಪ್ರದರ್ಶನವೂ ಹೌದು. ಈ ದ್ವಿಮುಖ ಸ್ವರೂಪವೇ ಅದರ ಛಾಯಾಗ್ರಹಣವನ್ನು ನೈತಿಕ ಪ್ರಶ್ನೆಯಾಗಿಸುತ್ತದೆ.

ಫಿಲಂ ಕ್ಯಾಮೆರಾದ ಕಾಲದಲ್ಲಿ 35 ಮಿ.ಮೀ. ಸುರುಳಿಯೊಂದು ಸಾಮಾನ್ಯವಾಗಿ 36 ಚಿತ್ರಗಳಿಗೆ ಮುಗಿಯುತ್ತಿತ್ತು. ರಾತ್ರಿಯಿಡೀ ನಡೆಯುವ ಕೋಲದಲ್ಲಿ ಯಾವುದನ್ನು ಸೆರೆಹಿಡಿಯಬೇಕೆಂಬುದನ್ನು ಸಂಶೋಧಕನು ಮೊದಲೇ ವಿಚಾರಿಸಿ ನಿರ್ಧರಿಸಬೇಕಾಗಿತ್ತು. ಮುದ್ರಿತ ಪ್ರತಿಗಳೂ ಕೆಲವರ ಕೈಯಲ್ಲಷ್ಟೇ ಉಳಿಯುತ್ತಿದ್ದವು. ಹೀಗೆ ಉಪಕರಣದ ಮಿತಿಯೇ ಒಂದು ಬಗೆಯ ಸಂಯಮವನ್ನು ವಿಧಿಸಿತ್ತು.

ಡಿಜಿಟಲ್ ಕ್ಯಾಮೆರಾ ಆ ಮಿತಿಯನ್ನು ಅಳಿಸಿತು. ಮೊಬೈಲು ಚಿತ್ರಗ್ರಹಣಕ್ಕೂ ಪ್ರಸಾರಕ್ಕೂ ನಡುವಣ ಅಂತರವನ್ನೇ ಇಲ್ಲವಾಗಿಸಿತು. ಬಣ್ಣ ಹಚ್ಚಿಕೊಳ್ಳುವುದು, ಅಣಿ ಕಟ್ಟುವುದು, ಆವೇಶ, ನುಡಿ ಇವುಗಳಿಗೆ ಆಚರಣೆಯೊಳಗೆ ಪ್ರತ್ಯೇಕ ಅರ್ಥಗಳಿವೆ. ಪಾಡ್ದನದಿಂದಲೂ ಸ್ಥಳದಿಂದಲೂ ಬೇರ್ಪಟ್ಟು ಹರಿದಾಡುವ ಬಿಡಿಚಿತ್ರದಲ್ಲಿ ಉಳಿಯುವುದು ವೇಷದ ವೈಭವ ಮಾತ್ರ.

ಒಪ್ಪಿಗೆ ಕೊಡಬೇಕಾದವರು ಯಾರು? ಕೋಲವನ್ನು ನಡೆಸುವ ಮನೆತನದವರ ಅನುಮತಿಯಷ್ಟೇ ಸಾಲದು. ಚಿತ್ರದಲ್ಲಿ ಕಾಣುವ ಮುಖ ಹಾಗೂ ಪರಂಪರಾಗತ ವಿದ್ಯೆ ಕೋಲ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯದ ಕಲಾವಿದರದು. ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೋ ಚೌಕಟ್ಟಿನಲ್ಲಿ 2015ರಲ್ಲಿ ಅನುಮೋದಿತವಾದ 12 ನೈತಿಕ ತತ್ತ್ವಗಳು ಮುಕ್ತ, ಪೂರ್ವಭಾವಿ, ನಿರಂತರ ಹಾಗೂ ತಿಳಿದು ನೀಡುವ ಸಮ್ಮತಿಯನ್ನು ಅಪೇಕ್ಷಿಸುತ್ತವೆ. ಇವುಗಳಲ್ಲಿ ‘ನಿರಂತರ’ ಎಂಬುದು ವಿಶೇಷವಾಗಿ ಗಮನಾರ್ಹ. ಚಿತ್ರ ತೆಗೆಯಲು ಕೊಟ್ಟ ಒಪ್ಪಿಗೆಯು ಪ್ರಕಟಣೆಗೆ, ಜಾಹೀರಾತಿಗೆ, ಮರುಬಳಕೆಗೆ ತಾನಾಗಿ ವಿಸ್ತರಿಸದು.

ಆದುದರಿಂದ ದಾಖಲಾಗಾರಗಳು ದಿನಾಂಕ, ಸ್ಥಳಗಳೊಡನೆ ಸಮ್ಮತಿ ನೀಡಿದವರು, ಅದರ ಉದ್ದೇಶ ಮತ್ತು ನಿಬಂಧನೆಗಳನ್ನೂ ನಮೂದಿಸಬೇಕು. ಸಮ್ಮತಿಯನ್ನು ಹಿಂಪಡೆಯುವ ಅವಕಾಶವನ್ನೂ ಕಲ್ಪಿಸಬೇಕು. ಉಪಕರಣವು ಹಿಂದೆ ತಾನಾಗಿ ವಿಧಿಸುತ್ತಿದ್ದ ಸಂಯಮವನ್ನು ಇಂದು ಸಂಶೋಧನೆಯೇ ವಿಧಿಸಿಕೊಳ್ಳಬೇಕಾಗಿದೆ.