ಪತ್ರಿಕೋದ್ಯಮ: ಕೋರ್ಸ್‌ಗೂ ಮೊದಲು ಕೆಲಸ ಆರಿಸಿಕೊಳ್ಳಿ

ಪಿಯುಸಿ ಮುಗಿಸಿ ‘ಜರ್ನಲಿಸಂ ತಗೊಳ್ಳಲಾ?’ ಎಂದು ಕೇಳುವವರಲ್ಲಿ ಅನೇಕರ ಕಣ್ಣ ಮುಂದಿರುವುದು ಟಿವಿ ಆ್ಯಂಕರ್. ಸುದ್ದಿಮನೆಯಲ್ಲಿ ಅಂಥ ಕುರ್ಚಿಗಳು ಬೆರಳೆಣಿಕೆಯಷ್ಟೇ. ಉಳಿದವರ ಮುಖ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಯಾವ ಕಾಲೇಜು ಎಂದು ಹುಡುಕುವ ಮೊದಲು ಯಾವ ಕೆಲಸ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ವರದಿಗಾರಿಕೆಯೋ ಡೆಸ್ಕೋ?

ವರದಿಗಾರರಿಗೆ ಒಂದೊಂದು ಬೀಟ್ ಇರುತ್ತದೆ: ಕ್ರೈಂ, ಪಾಲಿಕೆ, ಶಿಕ್ಷಣ, ಕೋರ್ಟ್, ಕೃಷಿ. ದಿನವಿಡೀ ಜನರನ್ನು ಭೇಟಿಯಾಗಬೇಕು, ಫೋನ್ ಎತ್ತದವರಿಗೆ ಮತ್ತೆ ಮತ್ತೆ ಮಾಡಬೇಕು, ಸಂಜೆಯೊಳಗೆ ಬರೆದು ಕಳಿಸಬೇಕು. ಡೆಸ್ಕ್‌ನಲ್ಲಿರುವ ಉಪಸಂಪಾದಕರು ಬಂದ ಸುದ್ದಿಗಳನ್ನು ಆರಿಸುತ್ತಾರೆ, ತಿದ್ದುತ್ತಾರೆ, ಶೀರ್ಷಿಕೆ ಕೊಟ್ಟು ಪುಟಕ್ಕೆ ಹೊಂದಿಸುತ್ತಾರೆ. ದಿನಪತ್ರಿಕೆಯಲ್ಲಿ ಈ ಕೆಲಸ ನಡುರಾತ್ರಿವರೆಗೂ ನಡೆಯುತ್ತದೆ. ಪಿಟಿಐನಂಥ ಸುದ್ದಿಸಂಸ್ಥೆಗಳಿಂದ ಬರುವ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದೂ ಕನ್ನಡ ಪತ್ರಿಕೆಯ ಡೆಸ್ಕ್‌ನ ನಿತ್ಯದ ಕೆಲಸ. ಅಲೆದಾಟ ಇಷ್ಟವಿಲ್ಲದಿದ್ದರೂ ಭಾಷೆಯ ಮೇಲೆ ಹಿಡಿತವಿರುವವರು ಇಲ್ಲಿ ಹೊಂದಿಕೊಳ್ಳುತ್ತಾರೆ. ಟಿವಿಯಲ್ಲೂ ಇದೇ ವಿಂಗಡಣೆ ಇದೆ. ಸುದ್ದಿ ತರುವ ವಿಭಾಗವನ್ನು ಇನ್‌ಪುಟ್ ಎಂದೂ ಪ್ರಸಾರಕ್ಕೆ ಸಿದ್ಧಪಡಿಸುವುದನ್ನು ಔಟ್‌ಪುಟ್ ಎಂದೂ ಕರೆಯುತ್ತಾರೆ. ಡಿಜಿಟಲ್ ಮಾಧ್ಯಮದಲ್ಲಿ ಎಷ್ಟೋ ಸಲ ಒಬ್ಬರೇ ಬರೆದು, ಚಿತ್ರೀಕರಿಸಿ, ಎಡಿಟ್ ಮಾಡಬೇಕಾಗುತ್ತದೆ.

ಪದವಿ ಕಡ್ಡಾಯವೇ?

ಅಲ್ಲ. ವೈದ್ಯರಿಗೆ, ವಕೀಲರಿಗೆ ಇರುವಂಥ ನೋಂದಣಿ ಪತ್ರಕರ್ತರಿಗಿಲ್ಲ. ಪತ್ರಿಕಾ ಸ್ವಾತಂತ್ರ್ಯವೂ ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿರುವ ವಾಕ್ ಸ್ವಾತಂತ್ರ್ಯದ ಭಾಗವೇ. ಅರ್ಥಶಾಸ್ತ್ರ, ಕಾನೂನು, ವಿಜ್ಞಾನ ಓದಿದವರೂ ಈ ಕ್ಷೇತ್ರಕ್ಕೆ ಬರುತ್ತಾರೆ. ಬಜೆಟ್ ಪುಸ್ತಕವನ್ನೋ ಕೋರ್ಟ್ ಆದೇಶವನ್ನೋ ಓದಿ ಅರ್ಥಮಾಡಿಕೊಳ್ಳಬಲ್ಲ ವರದಿಗಾರರಿಗೆ ಬೇಡಿಕೆ ಇದ್ದೇ ಇದೆ. ಹಾಗಾಗಿ ಬಿಎಯಲ್ಲಿ ಪತ್ರಿಕೋದ್ಯಮದ ಜೊತೆಗೆ ಇಂಥದ್ದೊಂದು ವಿಷಯ ಓದುವುದು, ಇಲ್ಲವೇ ಬೇರೆ ಪದವಿ ಮುಗಿಸಿ ಪತ್ರಿಕೋದ್ಯಮದಲ್ಲಿ ಎಂಎ ಮಾಡುವುದು ಜಾಣತನ.

ಮೈಸೂರು, ಬೆಂಗಳೂರು, ಮಂಗಳೂರು, ಧಾರವಾಡದ ಕರ್ನಾಟಕ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಪದವಿ ಹಂತದಲ್ಲಿ ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್‌ನಂಥ ಕಾಲೇಜುಗಳಲ್ಲಿ ಈ ವಿಷಯ ಕಲಿಯಬಹುದು. ಹೊರರಾಜ್ಯಕ್ಕೆ ಹೋಗಬಲ್ಲವರಿಗೆ 1965ರಲ್ಲಿ ಆರಂಭವಾದ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆ (ಐಐಎಂಸಿ) ಇದೆ. ಎಲ್ಲೇ ಸೇರಿದರೂ ಮೊದಲು ಮೂರು ವಿಷಯ ವಿಚಾರಿಸಿ: ವಿದ್ಯಾರ್ಥಿಗಳ ಪ್ರಾಯೋಗಿಕ ಪತ್ರಿಕೆ ತಪ್ಪದೆ ಹೊರಬರುತ್ತಿದೆಯೇ? ಇಂಟರ್ನ್‌ಶಿಪ್‌ಗೆ ಎಲ್ಲಿಗೆ ಕಳಿಸುತ್ತಾರೆ? ಕಳೆದ ವರ್ಷ ಓದಿ ಮುಗಿಸಿದವರು ಈಗ ಎಲ್ಲಿದ್ದಾರೆ?

ಪರೀಕ್ಷೆಯಲ್ಲಿ ಏನು ನೋಡುತ್ತಾರೆ?

ಪತ್ರಿಕೆಗಳು ಟ್ರೈನಿಗಳನ್ನು ಆರಿಸಿಕೊಳ್ಳುವಾಗ ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಸಂದರ್ಶನ ಎರಡನ್ನೂ ನಡೆಸುತ್ತವೆ. ಅನುವಾದ, ಸಾಮಾನ್ಯ ಜ್ಞಾನದ ಜೊತೆಗೆ ಸುದ್ದಿ ತಿದ್ದುವ ಪ್ರಶ್ನೆಯೂ ಇರಬಹುದು. ಒಂದು ಹಾಸ್ಟೆಲ್ ವಾರ್ಷಿಕೋತ್ಸವದ ಪ್ರೆಸ್‌ನೋಟ್ ಕೊಟ್ಟರು ಎನ್ನೋಣ. ಮೊದಲ ನಾಲ್ಕು ಸಾಲು ಸ್ವಾಗತ, ದೀಪ ಬೆಳಗಿದ್ದು, ವೇದಿಕೆಯಲ್ಲಿದ್ದವರ ಹೆಸರು. ಏಳನೇ ಸಾಲಿನಲ್ಲಿ, ಹೊಸ ಕಟ್ಟಡ ಜೂನ್‌ಗೆ ಸಿದ್ಧವಾಗದು, ಅಲ್ಲಿಯವರೆಗೆ ಬಾಡಿಗೆ ಕಟ್ಟಡವೇ ಗತಿ ಎಂದು ಅಧಿಕಾರಿ ಹೇಳಿದ ಮಾತು. ಆ ಮಾತೇ ಇಂಟ್ರೊ, ಅಂದರೆ ಸುದ್ದಿಯ ಆರಂಭದ ಸಾಲು ಆಗಬೇಕು. ದೀಪ ಬೆಳಗಿದ್ದು ಕೊನೆಗೆ ಹೋಗಬೇಕು, ಜಾಗವಿಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ. ಎಷ್ಟು ಮಕ್ಕಳಿದ್ದಾರೆ, ಕಾಮಗಾರಿ ತಡವಾದದ್ದೇಕೆ ಎಂಬ ಪ್ರಶ್ನೆ ಓದುವಾಗಲೇ ಹೊಳೆದರೆ ನಿಮ್ಮಲ್ಲಿ ವರದಿಗಾರನ ಕಣ್ಣಿದೆ ಎಂದರ್ಥ.

ಕನ್ನಡ ಟೈಪಿಂಗ್ ಈಗಲೇ ಕಲಿಯಿರಿ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕೈಗೆ ಹತ್ತಿದರೆ ‘ನುಡಿ’ ತಂತ್ರಾಂಶದಲ್ಲೂ ಯೂನಿಕೋಡ್‌ನಲ್ಲೂ ಸಲೀಸು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯುವುದನ್ನೂ ರೂಢಿಸಿಕೊಳ್ಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಬೇಕು. ಪ್ರಶ್ನೆಯನ್ನು ನೇರವಾಗಿ ಕೇಳುವ ಅಭ್ಯಾಸಕ್ಕೆ ಇದೂ ಒಳ್ಳೆಯ ದಾರಿ.

ಸಂಬಳದ ಮಾತು

ಆರಂಭದ ಸಂಬಳದ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. ತಾಲ್ಲೂಕು, ಹೋಬಳಿ ಮಟ್ಟದ ಬಿಡಿ ಸುದ್ದಿಗಾರರಲ್ಲಿ ಬಹಳಷ್ಟು ಮಂದಿ ಇನ್ನೊಂದು ಕಸುಬು ನೆಚ್ಚಿಕೊಂಡೇ ಬರೆಯುತ್ತಾರೆ. ಹಬ್ಬಕ್ಕೆ, ಚುನಾವಣೆಗೆ, ಮಳೆ ಅನಾಹುತಕ್ಕೆ ರಜೆ ಸಿಗುವುದಿಲ್ಲ. ಇದೇ ಓದಿನ ಬಲದಿಂದ ಜಾಹೀರಾತು, ಕಾರ್ಪೊರೇಟ್ ಸಂವಹನ, ವಾರ್ತಾ ಇಲಾಖೆ, ಅಧ್ಯಾಪನದ ಕಡೆ ಹೊರಳಲು ಅವಕಾಶವಿದೆ ಎಂಬುದನ್ನು ಮನೆಯವರಿಗೂ ತಿಳಿಸಿ.

ಅರ್ಜಿ ಹಾಕುವ ಮೊದಲು ನಿಮ್ಮೂರಿನ ಒಂದು ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋಗಿ ಬನ್ನಿ. ಅಂದೇ ರಾತ್ರಿ 200 ಪದಗಳ ವರದಿ ಬರೆಯಿರಿ. ಹೆಸರು, ಅಂಕಿಸಂಖ್ಯೆ ಸರಿಯಿವೆಯೇ ಎಂದು ಮರುದಿನ ಸಂಬಂಧಪಟ್ಟವರನ್ನೇ ಕೇಳಿ ನೋಡಿ. ಆ ವಿಚಾರಣೆ ಬೇಸರ ತರಿಸದಿದ್ದರೆ ಧೈರ್ಯವಾಗಿ ಸೇರಿಕೊಳ್ಳಿ.